ಆಯದ ಕಾಳು, ತಿಂಗಳ ದುಡ್ಡು

ನಮ್ಮೂರ ಅರಳಿಕಟ್ಟೆಯ ಮೇಲೆ ಎರಡು ಮೂರು ವರ್ಷದಿಂದ ಒಂದೇ ಮಾತು. ‘ಬಿಟ್ಟಿ ದುಡ್ಡು ಬರೋಕೆ ಶುರುವಾದ ಮೇಲೆ ಕೇರಿಯೋರು ಮೈಗಳ್ಳರಾದ್ರು. ಕೂಲಿಗೆ ಕರೆದ್ರೆ ಬರಲ್ಲ. ಬಂದ್ರೂ ಬಿಸಿಲೇರಿದ ಮೇಲೆ ಬರ್ತಾರೆ.’ ಈ ಮಾತನ್ನು ನಾವು ನಿಂತುಕೊಂಡೇ ಕೇಳಿದ್ದೇವೆ. ಆ ಕಟ್ಟೆಯ ಮೇಲೆ ಇವತ್ತಿಗೂ ನಾವು ಕೂರುವುದಿಲ್ಲ. ಕೂರಬೇಡಿ ಅಂತ ಈಗ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಾವು ಕೂತರೆ ಅವರು ಎದ್ದು ಹೋಗುತ್ತಾರೆ, ಅಷ್ಟೆ.

ಬಿಟ್ಟಿ! ಎಷ್ಟು ಸಲೀಸಾಗಿ ಆಡುತ್ತಾರೆ ಈ ಪದವನ್ನು. ಸಂಸ್ಕೃತದ ವಿಷ್ಟಿ ಕನ್ನಡದ ಬಾಯಲ್ಲಿ ಬಿಟ್ಟಿಯಾಯಿತು ಎಂದು ಪಂಡಿತರೇ ಹೇಳುತ್ತಾರೆ. ವಿಷ್ಟಿ ಎಂದರೆ ಕೂಲಿ ಕೊಡದೆ ಮಾಡಿಸಿಕೊಳ್ಳುವ ಚಾಕರಿ. ನಮ್ಮಜ್ಜ ಮಾಡಿದ್ದು ಬಿಟ್ಟಿ. ನಮ್ಮಪ್ಪ ಮಾಡಿದ್ದು ಬಿಟ್ಟಿ. ತಲೆತಲಾಂತರ ಬಿಟ್ಟಿ ಮಾಡಿದವರು ನಾವು, ಬಿಟ್ಟಿ ಮಾಡಿಸಿಕೊಂಡು ತಿಂದವರು ಅವರು. ಈಗ ನಮ್ಮಮ್ಮನ ಖಾತೆಗೆ ತಿಂಗಳಿಗೆ ೨,೦೦೦ ರೂಪಾಯಿ ಬಿದ್ದ ಕೂಡಲೇ ಆ ಪದ ಅರ್ಥ ಬದಲಿಸಿಕೊಂಡು ನಮ್ಮ ಮೇಲೇ ಬಿತ್ತು.

ಪಟ್ಟಣಗಳಲ್ಲಿ ಇದಕ್ಕೆ ದೊಡ್ಡ ಹೆಸರಿದೆ. ಸಾರ್ವತ್ರಿಕ ಮೂಲ ಆದಾಯ. ದೇಶದ ಪ್ರತಿಯೊಬ್ಬರಿಗೂ, ಬಡವ ಬಲ್ಲಿದ ಅನ್ನದೆ, ದುಡಿಯುತ್ತೀಯೋ ಇಲ್ಲವೋ ಎಂದು ಕೇಳದೆ, ತಿಂಗಳು ತಿಂಗಳು ಇಂತಿಷ್ಟು ದುಡ್ಡು ಕೊಡಬೇಕು ಎಂಬುದು ಅದರ ಸಾರ. ವಿದ್ವಾಂಸರು ಇದರ ಮೇಲೆ ಪುಸ್ತಕದ ಮೇಲೆ ಪುಸ್ತಕ ಬರೆದಿದ್ದಾರೆ. ನಾವು ಅದನ್ನು ನಮ್ಮ ಕೇರಿಯಲ್ಲಿ ನಿಂತು ನೋಡಬೇಕಾಗಿದೆ. ಯಾಕೆಂದರೆ ಅದರ ಒಂದು ಸಣ್ಣ ತುಂಡು, ಗೃಹಲಕ್ಷ್ಮಿ ಎಂಬ ಹೆಸರಿನಲ್ಲಿ, ೨೦೨೩ರ ಆಗಸ್ಟಿನಿಂದ ನಮ್ಮ ಕೇರಿಗೂ ಬಂತು.

ಮೊದಲು ಆಯದ ಮಾತು ಹೇಳಿಬಿಡುತ್ತೇವೆ. ಅದನ್ನು ಹೇಳದೆ ಈ ದುಡ್ಡಿನ ಮಾತು ಆಡುವುದಕ್ಕೆ ನಮಗೆ ಬರುವುದಿಲ್ಲ.

ನಮ್ಮಪ್ಪ ಊರ ತೋಟಿ. ಕೋಲಾರ ಸೀಮೆಯ ಒಣ ಊರು ನಮ್ಮದು. ರಾಗಿ, ಹುರುಳಿ, ಕೆರೆ ತುಂಬಿದ ವರ್ಷ ಒಂದಿಷ್ಟು ಭತ್ತ. ಯಾರದೋ ಮನೆಯಲ್ಲಿ ಸಾವಾದರೆ ನಡುರಾತ್ರಿ ಎದ್ದು ಹತ್ತು ಮೈಲಿ ನಡೆದು ಸುದ್ದಿ ಮುಟ್ಟಿಸಬೇಕು. ದನ ಸತ್ತರೆ ಎಳೆಯಬೇಕು. ಸಾಹೇಬರು ಬಂದರೆ ಕೋಳಿ ಹಿಡಿಯಬೇಕು. ಜಾತ್ರೆಗೆ ತಮಟೆ ಬಡಿಯಬೇಕು. ಇಷ್ಟಕ್ಕೂ ಸೇರಿ ವರ್ಷಕ್ಕೊಂದು ಸಲ ಸುಗ್ಗಿಯಲ್ಲಿ ಮನೆಗಿಷ್ಟು ಅಂತ ಆಯ. ಕಾನೂನಿನಲ್ಲಿ ಈ ಗ್ರಾಮ ಹುದ್ದೆಗಳೆಲ್ಲ ೧೯೬೧ರಲ್ಲೇ ರದ್ದಾಗಿದ್ದವಂತೆ. ಆ ಸುದ್ದಿ ಮುಟ್ಟಿಸುವವರು ಯಾರು? ಸುದ್ದಿ ಮುಟ್ಟಿಸುತ್ತಿದ್ದವನೇ ನಮ್ಮಪ್ಪ. ಅವನಿಗೇ ಯಾರೂ ಹೇಳಿರಲಿಲ್ಲ.

ಕಣದ ಅಂಚಿನಲ್ಲಿ ಅಪ್ಪನ ಪಕ್ಕ ಗೋಣಿಚೀಲ ಹಿಡಿದು ನಾವು ನಿಂತಿದ್ದೆವು. ರಾಶಿ ಅಳೆದಾಗಿ, ದೇವರಿಗೆ ತೆಗೆದಾಗಿ, ಐನೋರಿಗೆ ತೆಗೆದಾಗಿ, ಬಡಗಿ ಕಮ್ಮಾರರಿಗೆ ಹಾಕಿದ ಮೇಲೆ ನಮ್ಮ ಸರದಿ. ಅಷ್ಟು ಹೊತ್ತಿಗೆ ರಾಶಿಯ ಅಡಿ ಬಂದಿರುತ್ತಿತ್ತು. ಮಣ್ಣು, ಹೊಟ್ಟು, ಸಗಣಿಯ ಚೂರು ಕೂಡಿದ ಕಾಳು. ಅಮ್ಮ ಅದನ್ನು ಮೂರು ಸಲ ಕೇರಿದರೂ ಹಿಟ್ಟಿನಲ್ಲಿ ಹರಳು ಸಿಗುತ್ತಿತ್ತು.

ಒಂದು ವರ್ಷ ಅಪ್ಪನಿಗೆ ಚಳಿಜ್ವರ. ಗೌಡರ ಎತ್ತು ಸತ್ತಿತ್ತು. ಎಳೆಯಲು ಹೋಗಲಿಲ್ಲ. ಆ ಸುಗ್ಗಿಯಲ್ಲಿ ನಾವು ಚೀಲ ಹಿಡಿದು ಹೋದಾಗ ಗೌಡರು ಅಪ್ಪನ ಕಡೆ ನೋಡಲೂ ಇಲ್ಲ, ಆಳಿಗೆ ಹೇಳಿದರು: ‘ಎತ್ತು ಎಳೆದೋರು ಯಾರೋ ಅವರಿಗೆ ಹಾಕು.’ ಅವರನ್ನು ನೋಡಿ ಮಿಕ್ಕ ಕಣದವರೂ ಹಾಕಲಿಲ್ಲ. ಆ ವರ್ಷ ನಾವು ಏನು ತಿಂದೆವು ಎಂದು ಇಲ್ಲಿ ಬರೆಯುವುದಿಲ್ಲ. ಓದುತ್ತಿರುವ ನಿಮ್ಮಲ್ಲಿ ಅರ್ಧ ಜನಕ್ಕೆ ಗೊತ್ತು.

ಆಯವೂ ಒಂದು ಖಾತರಿ ಆದಾಯವೇ. ಆದರೆ ಅದಕ್ಕೊಂದು ಕೊಕ್ಕೆ ಇತ್ತು. ಕಾಳು ತಿಂದವನ ಗಂಟಲಿಗೆ ಸಿಕ್ಕಿಕೊಳ್ಳುವ ಕೊಕ್ಕೆ. ೧೯೨೮ರಲ್ಲಿ ಬಾಬಾಸಾಹೇಬರು ಮುಂಬಯಿ ಶಾಸನಸಭೆಯಲ್ಲಿ ಮಹಾರ್ ವತನಿನ ತಿದ್ದುಪಡಿ ಮಸೂದೆ ತಂದದ್ದು ಈ ಕೊಕ್ಕೆ ಕೀಳುವುದಕ್ಕೇ. ತುಂಡು ಭೂಮಿ, ಊರವರು ಹಾಕುವ ಕಾಳು. ಅದಕ್ಕೆ ಬದಲಾಗಿ ಇಡೀ ಜಾತಿಯೇ ಹಗಲಿರುಳು ಊರಿನ, ಸರ್ಕಾರದ ಚಾಕರಿಗೆ ಕಟ್ಟುಬಿದ್ದಿರಬೇಕು. ಇದು ಆದಾಯವಲ್ಲ, ಹಗ್ಗ ಎಂಬುದು ಅವರಿಗೆ ಕಂಡಿತ್ತು. ಆ ಮಸೂದೆ ಅಂದು ಗೆಲ್ಲಲಿಲ್ಲ.

ಇನ್ನು ಕೊಕ್ಕೆಯಿಲ್ಲದ ಆದಾಯ ಈ ನಾಡಿನಲ್ಲಿ ಯಾರಿಗೂ ಸಿಕ್ಕಿಲ್ಲವೇ? ನಮ್ಮ ತಾಲ್ಲೂಕಿನ ಶಾಸನಗಳನ್ನು ಓದಿ, ಗೆಳೆಯರೇ. ಅಗ್ರಹಾರ, ಬ್ರಹ್ಮದೇಯ, ಸರ್ವಮಾನ್ಯ. ಕಂದಾಯವಿಲ್ಲದ ಭೂಮಿ, ಚಂದ್ರಸೂರ್ಯರಿರುವ ತನಕ, ಮಕ್ಕಳು ಮೊಮ್ಮಕ್ಕಳ ಕಾಲಕ್ಕೂ. ನೇಗಿಲು ಮುಟ್ಟದೆ ಉಣ್ಣುವ ಏರ್ಪಾಡು. ಈ ಬಿಟ್ಟಿ ಊಟದಿಂದ ಅವರು ಮೈಗಳ್ಳರಾದಾರು ಎಂದು ಯಾವ ರಾಜನೂ ಚಿಂತೆ ಮಾಡಿದ್ದು ಕಾಣೆವು. ಬದಲಿಗೆ, ಹೊಟ್ಟೆಯ ಚಿಂತೆ ಇಲ್ಲದಿದ್ದರೆ ವಿದ್ಯೆ ಬೆಳೆಯುತ್ತದೆ ಎಂದೇ ಎಲ್ಲರೂ ಒಪ್ಪಿದ್ದರು. ನಾವೂ ಒಪ್ಪುತ್ತೇವೆ. ಅದೇ ನ್ಯಾಯ ಕೇರಿಗೂ ಬರಲಿ ಅಂದಾಗ ಮಾತ್ರ ಖಜಾನೆ ಬರಿದಾಗುತ್ತದೆ!

೨೦೧೭ರ ಜನವರಿಯಲ್ಲಿ ಕೇಂದ್ರ ಸರ್ಕಾರದ ಆರ್ಥಿಕ ಸಮೀಕ್ಷೆ ಈ ಮೂಲ ಆದಾಯಕ್ಕೆ ಒಂದು ಇಡೀ ಅಧ್ಯಾಯ ಕೊಟ್ಟಿತು. ಮಹಾತ್ಮನ ಜೊತೆ ಸಂವಾದ ಎಂಬುದು ಆ ಅಧ್ಯಾಯದ ತಲೆಬರಹದಲ್ಲೇ ಇದೆ. ದುಡಿಯದ ಗಟ್ಟಿ ಆಳಿಗೆ ಬಿಟ್ಟಿ ಊಟ ಹಾಕುವುದನ್ನು ಗಾಂಧಿ ಒಪ್ಪುತ್ತಿದ್ದರೋ ಇಲ್ಲವೋ ಎಂಬ ಅಳುಕು ಒಳಗೂ ಇದೆ. ಹುಟ್ಟಿದಾಗಿನಿಂದ ದುಡಿದೇ ಸತ್ತವರ ಪರವಾಗಿ ಬಾಬಾಸಾಹೇಬರ ಜೊತೆ ಸಂವಾದ ನಡೆಸಬೇಕು ಅಂತ ಆ ತಲೆಬರಹ ಬರೆದವರಿಗೆ ಹೊಳೆಯಲಿಲ್ಲ. ಇರಲಿ. ಅವರು ಹಾಕಿದ ಲೆಕ್ಕ ಒಬ್ಬರಿಗೆ ವರ್ಷಕ್ಕೆ ೭,೬೨೦ ರೂಪಾಯಿ. ತಿಂಗಳಿಗೆ ೬೩೫. ಇದು ಈಗಿರುವ ಯೋಜನೆಗಳ ಜೊತೆಗೆ ಅಲ್ಲ, ಅವುಗಳ ಬದಲಿಗೆ ಎಂಬುದು ಅಲ್ಲಿನ ವಾದ. ಈ ‘ಬದಲಿಗೆ’ ಎಂಬ ಪದವನ್ನು ನೆನಪಿಟ್ಟುಕೊಳ್ಳಿ.

ದುಡ್ಡು ಕೊಟ್ಟರೆ ಬಡವರು ಕುಡಿದು ಹಾಳುಮಾಡುತ್ತಾರೆ, ಕೆಲಸ ಬಿಡುತ್ತಾರೆ ಅನ್ನುವವರಿಗೆ ಮಧ್ಯಪ್ರದೇಶ ಉತ್ತರ ಕೊಟ್ಟಿದೆ. ೨೦೧೧ ಮತ್ತು ೨೦೧೨ರಲ್ಲಿ ಇಂದೋರಿನ ಸುತ್ತಿನ ಎಂಟು ಹಳ್ಳಿಗಳಲ್ಲಿ ಸೇವಾ ಎಂಬ ದುಡಿಯುವ ಹೆಂಗಸರ ಸಂಘಟನೆ ಯುನಿಸೆಫ್ ನೆರವಿನಿಂದ ಪ್ರತಿಯೊಬ್ಬರಿಗೂ ದುಡ್ಡು ಹಂಚಿ ನೋಡಿತು. ದೊಡ್ಡವರಿಗೆ ತಿಂಗಳಿಗೆ ೨೦೦, ಮಕ್ಕಳಿಗೆ ೧೦೦, ಆಮೇಲೆ ೩೦೦ ಮತ್ತು ೧೫೦. ಒಂದು ಆದಿವಾಸಿ ಹಳ್ಳಿಯಲ್ಲೂ ಕೊಟ್ಟರು. ಜನ ಕುಡಿದು ಮಲಗಲಿಲ್ಲ. ಮಕ್ಕಳ ಊಟ ಸುಧಾರಿಸಿತು, ಸಾಲ ಇಳಿಯಿತು. ಕೂಲಿ ಬಿಟ್ಟವರು ಮನೆಯಲ್ಲಿ ಕೂರಲಿಲ್ಲ, ಸ್ವಂತದ ತುಂಡು ಹೊಲಕ್ಕೆ ಹೋದರು. ಫಿನ್ಲೆಂಡಿನಲ್ಲಿ ೨೦೧೭-೧೮ರಲ್ಲಿ ೨,೦೦೦ ನಿರುದ್ಯೋಗಿಗಳಿಗೆ ತಿಂಗಳಿಗೆ ೫೬೦ ಯೂರೋ ಕೊಟ್ಟಾಗಲೂ ಮೈಗಳ್ಳತನ ಹೆಚ್ಚಲಿಲ್ಲ. ಇದರ ಮೇಲೆ ಹೆಚ್ಚು ವಾದ ಬೇಡ. ಬಡವನಿಗೆ ಬುದ್ಧಿಯಿಲ್ಲ ಅನ್ನುವವನಿಗೆ ಅಂಕಿಅಂಶ ಕೊಟ್ಟು ಏನು ಪ್ರಯೋಜನ?

ನಮ್ಮ ಕೇರಿಯಲ್ಲಿ ಏನಾಯಿತು, ಅದನ್ನು ಹೇಳುತ್ತೇವೆ.

ಈಗ ನಮ್ಮ ಕಡೆ ರಾಗಿಗಿಂತ ಟೊಮೆಟೊ ಜಾಸ್ತಿ. ಕಣದ ಗೌಡರ ಮಗ ಈಗ ಟೊಮೆಟೊ ಗೌಡರು. ೨೦೨೪ರ ಬೇಸಿಗೆಯಲ್ಲಿ ಹಣ್ಣು ಬಿಡಿಸುವ ಹೆಂಗಸರಿಗೆ ದಿನಕ್ಕೆ ೨೫೦ ಕೂಲಿ. ಗಂಡಸರಿಗೆ ೫೦೦. ನಮ್ಮ ಚಿಕ್ಕಮ್ಮ ಮತ್ತು ಅವಳ ಜೊತೆಯ ಹದಿನಾಲ್ಕು ಜನ ೩೦೦ ಕೇಳಿದರು. ಗೌಡರು ನಕ್ಕರು. ಮೊದಲಾಗಿದ್ದರೆ ಮಾರನೇ ದಿನ ಇವರೇ ತಲೆ ತಗ್ಗಿಸಿ ಹೋಗುತ್ತಿದ್ದರು, ಯಾಕೆಂದರೆ ಸಂಜೆಗೆ ಒಲೆ ಉರಿಯಬೇಕು. ಈ ಸಲ ಹೋಗಲಿಲ್ಲ. ಒಂದು ದಿನ, ಎರಡು ದಿನ, ನಾಲ್ಕು ದಿನ. ಗೌಡರು ಪಕ್ಕದೂರಿಂದ ಗಾಡಿಯಲ್ಲಿ ಆಳು ತಂದರು, ಗಾಡಿ ಬಾಡಿಗೆಯೇ ಮೈಮೇಲೆ ಬಂತು. ಹಣ್ಣು ಗಿಡದಲ್ಲೇ ಕೆಂಪಾಗಿ ಮೆತ್ತಗಾಗತೊಡಗಿತು. ಒಂಬತ್ತನೇ ದಿನ ಗೌಡರು ತಾವೇ ಕೇರಿಯ ಬಾಯಿಗೆ ಬೈಕು ನಿಲ್ಲಿಸಿಕೊಂಡು ಬಂದರು.

‘ಏನಮ್ಮಾ, ಸರ್ಕಾರ ಸಂಬ್ಳ ಕೊಡ್ತೈತೆ ಅಂತ ಕೊಬ್ಬೇನ್ ನಿಮ್ಗೆ?’

‘ಕೊಬ್ಬೇನಿಲ್ಲ ಸ್ವಾಮಿ,’ ಅಂದಳು ಚಿಕ್ಕಮ್ಮ. ‘ಈ ತಿಂಗ್ಳು ಅಕ್ಕಿ ಐತೆ, ಅಷ್ಟೇಯ.’

ಮುನ್ನೂರು ಕೊಟ್ಟರು. ನಮ್ಮಪ್ಪನ ತಲೆಮಾರಿನಲ್ಲಿ ಒಬ್ಬರೂ ಆಡಲಾಗದ ಒಂದು ಮಾತನ್ನು ಈ ಎರಡು ಸಾವಿರ ರೂಪಾಯಿ ಆಡಿಸಿತು. ‘ಬರಲ್ಲ’ ಅನ್ನುವ ಮಾತು. ಮೂಲ ಆದಾಯದ ಪರವಾಗಿ ಸಾವಿರ ಪುಟ ಓದಿದರೂ ನಮಗೆ ಇದಕ್ಕಿಂತ ದೊಡ್ಡ ಕಾರಣ ಕಾಣುವುದಿಲ್ಲ. ಹೆಂಗಸರ ಹೆಸರಿಗೇ ದುಡ್ಡು ಬಿದ್ದದ್ದೂ ಒಳ್ಳೆಯದಾಯಿತು. ನಮ್ಮ ಗಂಡಸರ ಹೆಸರಿಗೆ ಬಿದ್ದಿದ್ದರೆ ಈ ಒಂಬತ್ತು ದಿನ ಆಗುತ್ತಿತ್ತೋ ಇಲ್ಲವೋ, ಎದೆ ಮುಟ್ಟಿಕೊಂಡು ಹೇಳಬೇಕು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಮುಂಗಾರು ಶುರುವಾಗುವ ಹೊತ್ತಿಗೆ ಕಂತು ನಿಂತಿತು. ಜೂನ್ ತಿಂಗಳದು ಬರಲಿಲ್ಲ, ಜುಲೈ ತಿಂಗಳದೂ ಬರಲಿಲ್ಲ. ಯಾಕೆ ಅಂತ ಕೇಳಿದರೆ ಅಂಗನವಾಡಿಯಲ್ಲೂ ಉತ್ತರವಿಲ್ಲ, ಬ್ಯಾಂಕಿನಲ್ಲೂ ಇಲ್ಲ. ಗೌಡರು ಕೂಲಿಯನ್ನು ಮತ್ತೆ ೨೫೦ಕ್ಕೆ ಇಳಿಸಿದರು. ಹೆಂಗಸರು ಹೋದರು. ಹೋದವರನ್ನು ನೋಡಿ ಗೌಡರು ಕೇಳಿದ ಮಾತು ಇದು: ‘ಏನ್ರಮ್ಮಾ, ಈ ತಿಂಗ್ಳು ನಿಮ್ ಗಂಡ ದುಡ್ಡು ಕಳಿಸ್ಲಿಲ್ವಾ?’

ಚಿಕ್ಕಮ್ಮ ಆ ಮಾತನ್ನು ಮನೆಗೆ ಬಂದು ಹೇಳುವಾಗ ನಗುತ್ತಲೇ ಹೇಳಿದಳು. ನಾವು ನಗಲಿಲ್ಲ. ಕಣದ ಅಂಚಿನಲ್ಲಿ ಚೀಲ ಹಿಡಿದು ನಿಂತದ್ದು ನೆನಪಾಯಿತು. ಕಂತು ಆಮೇಲೆ ಬಂತು, ನಿಜ. ಕೂಲಿ ಏರಲಿಲ್ಲ.

ಇನ್ನೊಂದು ಸಂಗತಿ. ಕೇರಿಗೆ ತಿಂಗಳು ತಿಂಗಳು ದುಡ್ಡು ಬರುತ್ತದೆ ಅನ್ನುವುದು ಗೌಡರಿಗಿಂತ ಮೊದಲು ಗೊತ್ತಾದದ್ದು ಫೈನಾನ್ಸಿನವರಿಗೆ. ಬೈಕಿನಲ್ಲಿ ಬಂದರು, ಐದೈದು ಹೆಂಗಸರ ಗುಂಪು ಕಟ್ಟಿದರು, ಸಾಲ ಹಂಚಿದರು. ‘ಗೃಹಲಕ್ಷ್ಮಿ ಬರ್ತದಲ್ಲಮ್ಮ, ಕಂತಿಗೆ ಅದೇ ಸಾಕು’ ಅಂದರು. ಈಗ ದುಡ್ಡು ಖಾತೆಗೆ ಬಿದ್ದ ದಿನವೇ ಅವರ ಬೈಕು ಕೇರಿಯಲ್ಲಿರುತ್ತದೆ. ಕಂತು ತಪ್ಪಿದರೆ ಮನೆ ಮುಂದೆ ಕೂರುತ್ತಾರೆ. ಈ ಕಾಟ ರಾಜ್ಯದ ಉದ್ದಗಲಕ್ಕೂ ಎಷ್ಟಾಯಿತೆಂದರೆ ೨೦೨೫ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಭೂಮಿಯಿಲ್ಲದವನ ಕೈಗೆ ಬಂದ ದುಡ್ಡು ಇಳಿಜಾರಿನ ನೀರು. ಎಲ್ಲಿ ಹಳ್ಳವಿದೆಯೋ ಅಲ್ಲಿಗೆ ಹರಿಯುತ್ತದೆ.

ಈಗ ‘ಬದಲಿಗೆ’ ಎಂಬ ಪದಕ್ಕೆ ಬರೋಣ. ೨೦೨೩ರ ಜುಲೈಯಲ್ಲಿ ಅನ್ನಭಾಗ್ಯದ ಹೆಚ್ಚುವರಿ ೫ ಕೆಜಿಗೆ ಕೇಂದ್ರದಿಂದ ಅಕ್ಕಿ ಸಿಗಲಿಲ್ಲ ಎಂದು ರಾಜ್ಯ ಸರ್ಕಾರ ಅಕ್ಕಿಯ ಬದಲಿಗೆ ದುಡ್ಡು ಹಾಕಿತು. ಕೆಜಿಗೆ ೩೪ರಂತೆ ತಲೆಗೆ ೧೭೦ ರೂಪಾಯಿ. ಆ ದುಡ್ಡಿಗೆ ನಮ್ಮೂರ ಅಂಗಡಿಯಲ್ಲಿ ಮೂರು ಕೆಜಿ ಅಕ್ಕಿ ಬರುತ್ತಿತ್ತು. ಮಿಕ್ಕ ಎರಡು ಕೆಜಿ ಎಲ್ಲಿ ಹೋಯಿತು? ದುಡ್ಡಿನ ಲೆಕ್ಕದಲ್ಲಿ ಎಲ್ಲಿಗೂ ಹೋಗಿಲ್ಲ, ತಟ್ಟೆಯಲ್ಲಿ ಮಾತ್ರ ಇಲ್ಲ. ೨೦೨೫ರಲ್ಲಿ ದುಡ್ಡು ನಿಲ್ಲಿಸಿ ಮತ್ತೆ ಅಕ್ಕಿ ಕೊಡಲು ಶುರು ಮಾಡಿದಾಗ ಕೇರಿಯಲ್ಲಿ ಬೇಡ ಅಂದವರು ಒಬ್ಬರೂ ಇಲ್ಲ. ಬೆಲೆ ಏರಿದರೆ ಅಕ್ಕಿ ಕುಗ್ಗುವುದಿಲ್ಲ, ದುಡ್ಡು ಕುಗ್ಗುತ್ತದೆ. ಅಕ್ಕಿಯ ಬದಲಿಗೆ, ಆಸ್ಪತ್ರೆಯ ಬದಲಿಗೆ, ಹಾಸ್ಟೆಲಿನ ಬದಲಿಗೆ ೬೩೫ ರೂಪಾಯಿ ಕೊಡುತ್ತೇವೆ ಅನ್ನುವ ಮೂಲ ಆದಾಯ ನಮಗೆ ಬೇಡ. ನಾವು ಓದಿದ್ದು ಸರ್ಕಾರಿ ಹಾಸ್ಟೆಲಿನಲ್ಲಿ. ಅದರ ಅನ್ನದಲ್ಲಿ ಹುಳ ಇತ್ತು, ನಿಜ. ಆದರೂ ಆ ಹಾಸ್ಟೆಲಿನ ಬದಲು ಅಪ್ಪನ ಕೈಗೆ ದುಡ್ಡು ಕೊಟ್ಟಿದ್ದರೆ ಇವತ್ತು ನಾವು ಈ ಅಕ್ಷರ ಬರೆಯುತ್ತಿರಲಿಲ್ಲ. ಅಪ್ಪ ಕೆಟ್ಟವನಲ್ಲ. ಅಕ್ಕನ ಮದುವೆ ಇತ್ತು.

ಎಲ್ಲರಿಗೂ ಯಾಕೆ ಕೊಡಬೇಕು, ಗೌಡರ ಹೆಂಡತಿಗೂ ಯಾಕೆ ಎಂದು ನಮ್ಮ ಸಂಘಟನೆಯ ಹುಡುಗರು ಕೇಳುತ್ತಾರೆ. ಕೇಳುವಂಥದ್ದೇ. ಆದರೆ ಗೌಡ್ತಿಯವರಿಗೆ ಈಗಲೂ ಬರುತ್ತಿದೆ, ಅದು ನಿಮಗೆ ಗೊತ್ತಿರಲಿ. ಆದಾಯ ತೆರಿಗೆ ಕಟ್ಟುವ ಮನೆಗೆ ಗೃಹಲಕ್ಷ್ಮಿ ಇಲ್ಲ. ಬೇಸಾಯದ ಆದಾಯಕ್ಕೆ ಆದಾಯ ತೆರಿಗೆಯೇ ಇಲ್ಲ! ಇಪ್ಪತ್ತು ಎಕರೆ ಟೊಮೆಟೊ ಬೆಳೆಯುವ ಮನೆಯ ಯಜಮಾನಿಯೂ ನಮ್ಮಮ್ಮನೂ ಒಂದೇ ಬ್ಯಾಂಕಿನ ಒಂದೇ ಸಾಲಿನಲ್ಲಿ ನಿಂತು ದುಡ್ಡು ತೆಗೆದುಕೊಂಡು ಬಂದರು. ಅದೇ ಮನೆಯ ಯಜಮಾನರು ಕಟ್ಟೆಯ ಮೇಲೆ ಕೂತು ಬಿಟ್ಟಿ ಅನ್ನುತ್ತಾರೆ. ನಮಗೆ ಇದರಲ್ಲಿ ಸಿಟ್ಟಿಗಿಂತ ಖುಷಿಯೇ ಹೆಚ್ಚು. ಆ ಸಾಲಿನಲ್ಲಿ ಮೊದಲ ಸಲ ನಮ್ಮಮ್ಮ ಅವರ ಮುಂದೆ ನಿಂತಿದ್ದಳು, ಹಿಂದಲ್ಲ. ಬಡವರಿಗೆ ಮಾತ್ರ ಅಂದರೆ ಬಡತನಕ್ಕೆ ಸರ್ಟಿಫಿಕೇಟು ಬೇಕು, ಸರ್ಟಿಫಿಕೇಟಿಗೆ ಲಂಚ ಬೇಕು. ಎಲ್ಲರಿಗೂ ಕೊಟ್ಟು, ಇಪ್ಪತ್ತು ಎಕರೆಯವರಿಂದ ತೆರಿಗೆಯಲ್ಲಿ ಹತ್ತರಷ್ಟು ಕಿತ್ತುಕೊಳ್ಳಲಿ. ನಿಜವಾದ ಮೂಲ ಆದಾಯ ತಲೆಗೊಂದರಂತೆ ಬರಬೇಕು. ಇದು ಮನೆಗೊಂದು. ರೇಷನ್ ಕಾರ್ಡಿನಲ್ಲಿ ಸೊಸೆಯ ಹೆಸರು ಮೊದಲಿದೆ ಎಂದು ನಮ್ಮ ಕೇರಿಯ ಮೂವರು ಮುದುಕಿಯರಿಗೆ ಒಂದು ಪೈಸೆ ಇಲ್ಲ.

ಎಲ್ಲಕ್ಕಿಂತ ನಮ್ಮನ್ನು ಕುಟುಕುವುದು ಬೇರೆ. ಪರಿಶಿಷ್ಟ ಜಾತಿ ಪಂಗಡಗಳಿಗೆ ಜನಸಂಖ್ಯೆಗೆ ತಕ್ಕ ಪಾಲು ಬಜೆಟ್ಟಿನಲ್ಲಿ ಬೇರೆಯೇ ಇಡಬೇಕು ಎಂದು ೨೦೧೩ರಲ್ಲಿ ಈ ರಾಜ್ಯದಲ್ಲಿ ಕಾಯ್ದೆ ಆಯಿತು. ಹೋರಾಡಿ ಪಡೆದ ಕಾಯ್ದೆ. ೨೦೨೩-೨೪ರಲ್ಲಿ ಆ ಪಾಲಿನಿಂದ ೧೧,೦೦೦ ಕೋಟಿಗೂ ಹೆಚ್ಚು, ಮರುವರ್ಷ ೧೪,೦೦೦ ಕೋಟಿಗೂ ಹೆಚ್ಚು ಹಣವನ್ನು ಗ್ಯಾರಂಟಿಗಳಿಗೆ ತೋರಿಸಿದರು. ಆ ಜನಕ್ಕೇ ತಾನೆ ಹೋಗುತ್ತಿದೆ ಎಂಬುದು ಸರ್ಕಾರದ ಸಮಜಾಯಿಷಿ. ಲೆಕ್ಕ ನೋಡಿ. ಗೌಡ್ತಿಯವರ ಎರಡು ಸಾವಿರ ಎಲ್ಲರ ಖಜಾನೆಯಿಂದ. ನಮ್ಮಮ್ಮನ ಎರಡು ಸಾವಿರ ನಮ್ಮಮ್ಮನದೇ ಪೆಟ್ಟಿಗೆಯಿಂದ. ಅದು ನಮ್ಮ ಹಾಸ್ಟೆಲಿನ ದುಡ್ಡು, ಗಂಗಾ ಕಲ್ಯಾಣದ ಕೊಳವೆಬಾವಿಯ ದುಡ್ಡು, ಭೂ ಒಡೆತನ ಯೋಜನೆಯಲ್ಲಿ ಎರಡು ಎಕರೆ ಕೊಳ್ಳಬೇಕಿದ್ದ ದುಡ್ಡು. ಆಯದ ಕಾಳನ್ನಾದರೂ ಗೌಡರು ಅವರ ರಾಶಿಯಿಂದ ಹಾಕುತ್ತಿದ್ದರು.

ಹಾಗಾದರೆ ಯಾರ ರಾಶಿಯಿಂದ ಹಾಕಬೇಕು? ೧೭೯೭ರಲ್ಲೇ ಥಾಮಸ್ ಪೇನ್ ಎಂಬ ಬಂಡುಕೋರ ಇದಕ್ಕೆ ಉತ್ತರ ಬರೆದಿದ್ದ. ಭೂಮಿ ಎಲ್ಲರದೂ ಆಗಿತ್ತು, ಕೆಲವರು ಬೇಲಿ ಹಾಕಿಕೊಂಡರು, ಆದ್ದರಿಂದ ಮಿಕ್ಕವರಿಗೆ ಅವರು ಕಟ್ಟಬೇಕಾದ ಬಾಕಿ ಇದು, ದಾನವಲ್ಲ. ಅಮೆರಿಕದ ಅಲಾಸ್ಕದಲ್ಲಿ ನೆಲದೊಳಗಿನ ಎಣ್ಣೆಯ ಹಣವನ್ನು ನಿಧಿಯಲ್ಲಿಟ್ಟು, ಅದರ ಲಾಭವನ್ನು ೧೯೮೨ರಿಂದ ವರ್ಷಕ್ಕೊಂದು ಸಲ ಅಲ್ಲಿನ ಪ್ರತಿಯೊಬ್ಬ ನಿವಾಸಿಗೂ ಪಾಲಾಗಿ ಹಂಚುತ್ತಾರೆ. ಅದನ್ನು ಅಲ್ಲಿ ಯಾರೂ ಭಾಗ್ಯ ಅನ್ನುವುದಿಲ್ಲ. ೨೦೧೬ರಲ್ಲಿ ಅಲ್ಲಿನ ರಾಜ್ಯಪಾಲ ಪೆನ್ನಿನ ಒಂದು ಗೀಟಿನಲ್ಲಿ ಅದನ್ನು ಅರ್ಧ ಮಾಡಿದ ಎಂಬುದನ್ನೂ ಹೇಳಬೇಕು. ಪಾಲಾದರೂ ಕಾಯುವವರು ಬೇಕು.

ಇದನ್ನು ಓದಿದಾಗ ನಮಗೆ ನಮ್ಮ ದೊಡ್ಡಪ್ಪ ನೆನಪಾದ. ಊರಿನ ತೋಟಿಕೆ ಸಾಕಾಗಿ ಕೆಜಿಎಫ್‌ಗೆ ಓಡಿಹೋಗಿ ಗಣಿ ಸೇರಿದ್ದ. ಮೂರು ಕಿಲೋಮೀಟರಿಗೂ ಆಳ ಆ ಗಣಿ. ೧೮೮೦ರಿಂದ ೨೦೦೧ರ ತನಕ ೧೨೦ ವರ್ಷ ಚಿನ್ನ ತೆಗೆದರು. ಇಳಿದವರಲ್ಲಿ ಬಹುಪಾಲು ನಮ್ಮವರೇ, ಆರ್ಕಾಟಿನ ಕಡೆಯಿಂದ ಬಂದ ತಮಿಳು ದಲಿತರು, ಜೊತೆಗೆ ನಮ್ಮ ಸೀಮೆಯವರು. ಲಾಭಾಂಶ ಲಂಡನ್ನಿನ ಷೇರುದಾರರಿಗೆ ಹೋಯಿತು, ಕಲ್ಲಿನ ದೂಳು ಇವರ ಪುಪ್ಪುಸಕ್ಕೆ ಬಂತು. ದೊಡ್ಡಪ್ಪ ಕೆಮ್ಮಿ ಕೆಮ್ಮಿ ಸತ್ತ. ಆ ಚಿನ್ನದಲ್ಲಿ ಒಂದು ಗುಲಗಂಜಿಯಷ್ಟು ಪಾಲು ಇಳಿದವರ ಹೆಸರಿಗೆ ನಿಧಿಯಾಗಿ ಕೂತಿದ್ದರೆ ಅವರ ಮೊಮ್ಮಕ್ಕಳು ದಿನಾ ಬೆಳಗಿನ ರೈಲಿನಲ್ಲಿ ನೇತಾಡಿಕೊಂಡು ಬೆಂಗಳೂರಿಗೆ ಕೂಲಿಗೆ ಹೋಗಬೇಕಿತ್ತೆ?

ಬಾಬಾಸಾಹೇಬರು ೧೯೪೭ರಲ್ಲಿ ಸಂವಿಧಾನ ಸಭೆಗಾಗಿ ಬರೆದ ‘ಸ್ಟೇಟ್ಸ್ ಅಂಡ್ ಮೈನಾರಿಟೀಸ್’ನಲ್ಲಿ ತಿಂಗಳ ದುಡ್ಡು ಕೇಳಲಿಲ್ಲ. ಭೂಮಿಯೆಲ್ಲ ಸರ್ಕಾರದ್ದಾಗಲಿ, ಜಾತಿ ನೋಡದೆ ಊರವರಿಗೆ ಒಟ್ಟಾಗಿ ಉಳುವುದಕ್ಕೆ ಕೊಡಲಿ, ಜಮೀನ್ದಾರನೂ ಬೇಡ, ಗೇಣಿದಾರನೂ ಬೇಡ, ಭೂಮಿಯಿಲ್ಲದ ಕೂಲಿಯೂ ಬೇಡ ಎಂದರು. ಹಸಿದವನು ಒಂದು ಕೆಲಸಕ್ಕಾಗಿ ತನ್ನ ಹಕ್ಕುಗಳನ್ನೆಲ್ಲ ಒತ್ತೆಯಿಡುತ್ತಾನೆ ಎಂಬುದು ಅಲ್ಲಿನ ಅವರ ವಾದ. ಅದನ್ನು ಯಾರೂ ಕೇಳಲಿಲ್ಲ. ೧೯೭೪ರ ಭೂಸುಧಾರಣೆಯಲ್ಲಿ ಗೇಣಿ ಮಾಡುತ್ತಿದ್ದವನಿಗೆ ಭೂಮಿ ಬಂತು, ನಮ್ಮಪ್ಪನಂಥ ಕೂಲಿಗೆ ಬರಲಿಲ್ಲ. ೨೦೨೦ರಲ್ಲಿ ಅದೇ ಕಾಯ್ದೆ ತಿದ್ದಿ ಬೇಸಾಯ ಗೊತ್ತಿಲ್ಲದ ದುಡ್ಡಿನವರೂ ಕೃಷಿಭೂಮಿ ಕೊಳ್ಳಬಹುದು ಅಂದರು. ಭೂಮಿಯ ಮಾತು ಮರೆಸುವುದಕ್ಕೆ ದುಡ್ಡಿನ ಮಾತು ಬಂದಿದೆಯೋ ಎಂಬ ಗುಮಾನಿ ನಮಗೆ ಇದ್ದೇ ಇದೆ. ಹಾಗಂತ ಚಿಕ್ಕಮ್ಮನ ಒಂಬತ್ತು ದಿನವನ್ನು ಸುಳ್ಳು ಅನ್ನಲಾರೆವು. ದುಡ್ಡೂ ಬೇಕು, ಭೂಮಿಯೂ ಬೇಕು. ದುಡ್ಡು ಕಾಯ್ದೆಯಾಗಿ ಬರಬೇಕು, ಒಂದು ತಿಂಗಳು ತಪ್ಪಿದರೂ ಕೋರ್ಟಿನಲ್ಲಿ ನಿಲ್ಲಿಸಿ ಕೇಳುವಂತಿರಬೇಕು.

ಇಷ್ಟು ಬರೆದು ಚಿಕ್ಕಮ್ಮನಿಗೆ ಓದಿ ಹೇಳಿದೆವು. ಅವಳು ಎಲೆಅಡಿಕೆ ಮೆಲ್ಲುತ್ತಾ ಪೂರ್ತಿ ಕೇಳಿದಳು. ಲಂಡನ್ನು, ಅಲಾಸ್ಕ ಬಂದಾಗ ಸ್ವಲ್ಪ ತೂಕಡಿಸಿದಳು.

‘ಎಲ್ಲಾ ಸರೀಗೈತೆ ಕಣಪ್ಪಾ,’ ಅಂದಳು. ‘ನಾಳೆ ಗೌಡ್ರು ತೋಟ ಬಿಡಿಸೋಕೆ ಕರ್ದವ್ರೆ, ಇನ್ನೂರೈವತ್ತಕ್ಕೇ. ದುಡ್ಡು ಬಂದೈತಾ ನೋಡೇಳು. ಬಂದಿದ್ರೆ ನಾವು ಹದಿನೈದು ಜನಾನೂ ಹೋಗಲ್ಲ.’

ಅವಳ ಫೋನು ತೆಗೆದುಕೊಂಡು ನೋಡಿದೆವು. ಫೈನಾನ್ಸಿನವರ ಮೆಸೇಜು ಒಂದಿತ್ತು.